ಈ ಮೇಲ್ ಕಳಿಸಿದ್ದು ಯಾವ ಸಾಫ್ಟ್‌ವೇರ್? ಯೂಸರ್-ಏಜೆಂಟ್ ಹೆಡರನ್ನು ನಿಯಮದಂತೆ ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗಿತ್ತು. ಒಂದು ಬೆಳಗ್ಗೆ ಅಲ್ಲಿನ ಕಚೇರಿಯಿಂದ ಫೋನ್ ಬಂತು. "ಸರ್, ನಿನ್ನೆಯಿಂದ ಬಂದ ಮೇಲ್‌ಗಳೆಲ್ಲ ಪಟ್ಟಿಯ ತಳಕ್ಕೆ ಹೋಗಿ ಕೂತಿವೆ. ಹುಡುಕಿದರೆ ಮಾತ್ರ ಸಿಗ್ತವೆ" ಎಂದರು. ಒಂದು ಮೇಲ್‌ನ ಮೂಲ ತೆರೆದು ಅದರ ಹೆಡರ್‌ಗಳನ್ನು, ಅಂದರೆ ಒಡಲಿಗಿಂತ ಮೊದಲು ಬರುವ ವಿವರದ ಸಾಲುಗಳನ್ನು, ನೋಡಿದೆ. ಡೇಟ್ ಹೆಡರ್‌ನಲ್ಲಿ ವಾರ ಮತ್ತು ತಿಂಗಳು ಕನ್ನಡದಲ್ಲಿದ್ದವು: "ಸೋಮ, 03 ಜೂನ್ 2019". ಯಾರೋ ಸರ್ವರ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದರು. ಮೇಲ್ ಕಳಿಸುವ ಪ್ರೋಗ್ರಾಂ ಆ ಭಾಷೆಯಲ್ಲೇ ತಾರೀಖು ಬರೆದಿತ್ತು. ಆದರೆ ಡೇಟ್ ಹೆಡರ್‌ನಲ್ಲಿ ವಾರಕ್ಕೂ ತಿಂಗಳಿಗೂ ಇಂಗ್ಲಿಷಿನ ಮೂರಕ್ಷರದ ಹೆಸರೇ ಇರಬೇಕು ಎಂಬುದು ಇಮೇಲ್‌ನ ನಿಯಮ. ಅದನ್ನು ಓದಲಾಗದ ಕಚೇರಿಯ ಮೇಲ್ ಪ್ರೋಗ್ರಾಂ ಎಲ್ಲವನ್ನೂ ಕಂಪ್ಯೂಟರಿನ ಕಾಲದ ಎಣಿಕೆ ಶುರುವಾಗುವ 1970ಕ್ಕೆ ತಳ್ಳಿಬಿಟ್ಟಿತ್ತು.

ತಪ್ಪು ಏನೆಂದು ಐದು ನಿಮಿಷದಲ್ಲಿ ಗೊತ್ತಾಯಿತು. ತಪ್ಪು ಎಲ್ಲಿದೆ ಎಂದು ಹುಡುಕಲು ಎರಡು ಸಂಜೆ ಹಿಡಿಯಿತು. ಆ ಸರ್ವರ್‌ನಿಂದ ಮೇಲ್ ಕಳಿಸುವ ಪ್ರೋಗ್ರಾಂಗಳು ಮೂರಿದ್ದವು: ರಸೀದಿಯದೊಂದು, ಚಂದಾ ನವೀಕರಣದ್ದೊಂದು, ಕಾರ್ಯಕ್ರಮದ ಆಹ್ವಾನದ್ದೊಂದು. ಒಂದರ ಕೋಡನ್ನು ನಕಲು ಮಾಡಿ ಉಳಿದೆರಡನ್ನು ಬರೆದಿದ್ದರಿಂದ ಕಳಿಸಿದ್ದು ಯಾವ ಪ್ರೋಗ್ರಾಂ ಎಂದು ಹೇಳುವ ಗುರುತಿನ ಸಾಲೂ ಮೂರರಲ್ಲೂ ಒಂದೇ ಆಗಿತ್ತು: "ಎಕ್ಸ್-ಮೇಲರ್: ಮೇಲರ್ 1.0". ಒಂದೊಂದನ್ನೇ ನಿಲ್ಲಿಸಿ, ಕಾದು, ಮತ್ತೆ ನೋಡಿ ಪತ್ತೆ ಮಾಡಬೇಕಾಯಿತು. ಆ ಒಂದು ಸಾಲನ್ನು ಸರಿಯಾಗಿ ಬರೆದಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ನೀವು ಮೇಲ್ ಕಳಿಸುವ ಪ್ರೋಗ್ರಾಂ ಬರೆಯುವವರಾದರೆ ಈ ಲೇಖನ ನಿಮಗಾಗಿ. ಅದು ಶಾಲೆಯ ಫೀ ರಸೀದಿಯ ಸ್ಕ್ರಿಪ್ಟ್ ಆಗಿರಲಿ, ಪೂರ್ಣ ಪ್ರಮಾಣದ ವೆಬ್‌ಮೇಲ್ ಆಗಿರಲಿ, ನಿಯಮ ಒಂದೇ.

ಮೊದಲೇ ಒಂದು ಮಾತು. ಇಲ್ಲಿನ ಉದಾಹರಣೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಕೋಡಿನಲ್ಲಿ ಹೆಡರ್‌ನ ಹೆಸರು, ಸಾಫ್ಟ್‌ವೇರ್‌ನ ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಯಾಕೆ ಹಾಗೆ, ಕನ್ನಡದ ಹೆಸರಿಗೆ ಎಲ್ಲಿ ಜಾಗವಿದೆ ಎಂಬುದು ಮುಂದೆ ಬರುತ್ತದೆ.

ಯಾವ ಹೆಡರ್ ಆರಿಸಿಕೊಳ್ಳುವುದು?

ಬಳಕೆಯಲ್ಲಿರುವುದು ಎರಡು: ಎಕ್ಸ್-ಮೇಲರ್ ಮತ್ತು ಯೂಸರ್-ಏಜೆಂಟ್. ಹೊಸದಾಗಿ ಬರೆಯುವವರು ಯೂಸರ್-ಏಜೆಂಟ್ ಆರಿಸಿಕೊಳ್ಳಿ. ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಮೇಲ್‌ನ ರೂಪ ಹೇಗಿರಬೇಕೆಂದು ಹೇಳುವ ದಾಖಲೆಗಳು ಆರ್‌ಎಫ್‌ಸಿ ಸರಣಿಯಲ್ಲಿವೆ. 1982ರಲ್ಲಿ ಆರ್‌ಎಫ್‌ಸಿ 822 ಬಂತು, 2001ರಲ್ಲಿ ಅದರ ಜಾಗಕ್ಕೆ 2822, 2008ರಲ್ಲಿ 5322. ಈ ಮೂರರಲ್ಲಿ ಯಾವುದೂ "ಕಳಿಸಿದ ಸಾಫ್ಟ್‌ವೇರ್ ಯಾವುದು" ಎಂದು ಹೇಳುವ ಹೆಡರನ್ನು ನಿಗದಿ ಮಾಡಲಿಲ್ಲ. ಆದರೆ 822ರಲ್ಲಿ ಒಂದು ಬಾಗಿಲು ತೆರೆದಿತ್ತು: ಹೆಸರು "ಎಕ್ಸ್-" ಎಂದು ಶುರುವಾದರೆ ಯಾರು ಬೇಕಾದರೂ ತಮ್ಮದೇ ಹೆಡರ್ ಹಾಕಿಕೊಳ್ಳಬಹುದು. ಎಕ್ಸ್-ಮೇಲರ್ ಆ ಬಾಗಿಲಿನಿಂದ ಒಳಬಂದದ್ದು. ಅದಕ್ಕೆ ವ್ಯಾಕರಣವೇ, ಅಂದರೆ ಹೀಗೇ ಬರೆಯಬೇಕೆಂಬ ನಿಯಮವೇ, ಇಲ್ಲ. ಯಾರು ಏನು ಬರೆದರೂ ನಡೆಯುತ್ತದೆ, ಹಾಗಾಗಿಯೇ "ಮೇಲರ್ 1.0" ಕೂಡ ನಡೆಯಿತು.

ಇತ್ತ ಯೂಸ್‌ನೆಟ್ ಎಂಬ ಸುದ್ದಿಗುಂಪುಗಳ ಜಾಲದಲ್ಲೂ ಇದೇ ಅಗತ್ಯವಿತ್ತು. ಅಲ್ಲಿನ ಬರಹಗಳ ರೂಪ ಇಮೇಲ್‌ನ ರೂಪಕ್ಕೆ ಹತ್ತಿರದ್ದೇ. 2009ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 5536 ಅಲ್ಲಿಗೆ ಯೂಸರ್-ಏಜೆಂಟ್ ಹೆಡರನ್ನು ವ್ಯಾಕರಣ ಸಮೇತ ನಿಗದಿ ಮಾಡಿತು. ಇಮೇಲ್‌ಗೂ ಇದೇ ಒಪ್ಪುವಂತಿರಲಿ ಎಂಬ ಉದ್ದೇಶವನ್ನೂ ಅದರಲ್ಲೇ ಬರೆಯಿತು. ಎಕ್ಸ್-ಮೇಲರ್, ಎಕ್ಸ್-ನ್ಯೂಸ್‌ರೀಡರ್ ಮುಂತಾದ ಹಳೆಯ ಹೆಡರ್‌ಗಳನ್ನು ಹೆಸರಿಸಿ, ಇದನ್ನು ಬಳಸಿದ ಮೇಲೆ ಅವುಗಳ ಅಗತ್ಯ ಇರಬಾರದು ಎಂದೂ ಹೇಳಿತು. 2012ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 6648, ಹೊಸದಾಗಿ ಯಾವ ಹೆಸರಿಗೂ "ಎಕ್ಸ್-" ಅಂಟಿಸಬೇಡಿ ಎಂದಿತು.

ನಿಮ್ಮಲ್ಲಿ ಈಗಾಗಲೇ ಎಕ್ಸ್-ಮೇಲರ್ ಇದ್ದು, ಅದನ್ನು ನೋಡಿ ಮೇಲ್ ವಿಂಗಡಿಸುವ ಫಿಲ್ಟರ್‌ಗಳು ಎಲ್ಲೋ ಕೆಲಸ ಮಾಡುತ್ತಿದ್ದರೆ ಆತುರಪಟ್ಟು ಕಿತ್ತುಹಾಕಬೇಡಿ. ಹಳೆಯ "ಎಕ್ಸ್-" ಹೆಸರುಗಳನ್ನು ಇಟ್ಟುಕೊಳ್ಳುವುದೋ ಬದಲಿಸುವುದೋ ಎಂಬ ತೀರ್ಮಾನವನ್ನು 6648 ಅವುಗಳ ಒಡೆಯರಿಗೇ ಬಿಟ್ಟಿದೆ. ಫಿಲ್ಟರ್‌ಗಳನ್ನು ಬದಲಿಸಿದ ಮೇಲೆ ಹೆಡರನ್ನು ಬದಲಿಸಿ.

ಈ ಹೆಡರ್ ಯಾಕಿರಬೇಕು ಎಂಬುದಕ್ಕೆ 5536 ಕೊಡುವ ಕಾರಣಗಳು ಎರಡು: ಅಂಕಿ-ಅಂಶಕ್ಕಾಗಿ, ಮತ್ತು ನಿಯಮ ಮುರಿದ ಮೇಲ್ ಬಂದಾಗ ಯಾವ ಸಾಫ್ಟ್‌ವೇರನ್ನು ತಿದ್ದಬೇಕೆಂದು ಪತ್ತೆ ಮಾಡಲಿಕ್ಕಾಗಿ. ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಗುರುತು ಕಾಣದ ಒಬ್ಬ ಸರ್ವರ್ ನಿರ್ವಾಹಕ ನಿಮ್ಮ ತಪ್ಪಿನ ಬೆನ್ನುಹತ್ತಿ ಬಂದಾಗ ಓದುವ ಸಾಲು ಇದು. ಮುಂದಿನ ಪ್ರತಿ ತೀರ್ಮಾನವನ್ನೂ ಅವನ ಕಣ್ಣಿನಿಂದಲೇ ನೋಡಿದರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ಯಾರು ಹಾಕಬೇಕು?

ಮೇಲನ್ನು ಕಟ್ಟಿದ ಪ್ರೋಗ್ರಾಂ ಮಾತ್ರ. ನಡುವೆ ಸಾಗಿಸುವ ಸರ್ವರ್‌ಗಳು ಈ ಹೆಡರನ್ನು ಮುಟ್ಟಬಾರದು. ಅವುಗಳ ಗುರುತಿಗೆ ರಿಸೀವ್ಡ್ ಹೆಡರ್ ಇದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತನ್ನ ಹೆಸರನ್ನು ಅಲ್ಲೇ ಆವರಣದೊಳಗೆ ಬರೆದುಕೊಳ್ಳುತ್ತದೆ. ಬಂದ ಮೇಲನ್ನು ಲಗತ್ತಾಗಿ ಮುಂದಕ್ಕೆ ಕಳಿಸುವಾಗ ಒಳಗಿನ ಮೇಲ್‌ನ ಯೂಸರ್-ಏಜೆಂಟ್ ಒಳಗೇ ಇರಲಿ. ಹೊರಗಿನದಕ್ಕೆ ನಿಮ್ಮದನ್ನು ಹಾಕಿ.

ಸಾಲಿನ ರೂಪ

ವ್ಯಾಕರಣ ಚಿಕ್ಕದು. ಹೆಡರ್‌ನ ಹೆಸರು, ಅದಕ್ಕೆ ಅಂಟಿಕೊಂಡು ಕೋಲನ್, ಒಂದು ಸ್ಪೇಸ್. ನಂತರ ಒಂದು ಅಥವಾ ಹೆಚ್ಚು ಉತ್ಪನ್ನಗಳು. ಪ್ರತಿ ಉತ್ಪನ್ನವೆಂದರೆ ಹೆಸರು, ಬೇಕಿದ್ದರೆ ಸ್ಲ್ಯಾಶ್ ಹಾಕಿ ಆವೃತ್ತಿ, ಬೇಕಿದ್ದರೆ ಆವರಣದಲ್ಲಿ ಟಿಪ್ಪಣಿ. ಮಾದರಿಗೆ ಓಲೆಗಾರ ಎಂಬ ಸಾಫ್ಟ್‌ವೇರ್ ಇದೆ ಎಂದುಕೊಳ್ಳೋಣ.

ಯೂಸರ್-ಏಜೆಂಟ್: ಓಲೆಗಾರ/2.1

ಇಷ್ಟೇ ಸಾಕು. ಹತ್ತರಲ್ಲಿ ಒಂಬತ್ತು ಪ್ರೋಗ್ರಾಂಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಉದಾಹರಣೆ ಬೇಕಿದ್ದರೆ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ ನಡೆಯುವ ಗ್ನಸ್ ಎಂಬ ಹಳೆಯ ಮೇಲ್ ಪ್ರೋಗ್ರಾಂ ಬರೆಯುವ ಸಾಲು ನೋಡಿ:

ಯೂಸರ್-ಏಜೆಂಟ್: ಗ್ನಸ್/5.13 (ಗ್ನಸ್ ವಿ5.13) ಈಮ್ಯಾಕ್ಸ್/24.3 (ಗ್ನೂ/ಲಿನಕ್ಸ್)

ಇಲ್ಲಿ ಉತ್ಪನ್ನ ಎರಡು. ಮುಖ್ಯವಾದದ್ದು ಮೊದಲು, ಅದನ್ನು ಹೊತ್ತಿರುವುದು ನಂತರ. ಗುರುತಿಸಲು ಯಾವುದು ಹೆಚ್ಚು ಮುಖ್ಯವೋ ಆ ಕ್ರಮದಲ್ಲೇ ಬರೆಯಬೇಕೆಂದು ನಿಯಮವಿದೆ. ಪ್ರತಿ ಟಿಪ್ಪಣಿಯೂ ತನ್ನ ಎಡಗಡೆಯ ಉತ್ಪನ್ನದ ಬಗ್ಗೆಯೇ ಮಾತಾಡುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಹುಕಾಲ ಇದಕ್ಕೆ ತಿರುಗುಮುರುಗಾಗಿ ಬರೆಯುತ್ತಿತ್ತು: "ಮೊಝಿಲ್ಲಾ/5.0" ಎಂದು ಶುರುವಾಗಿ, ನಡುವೆ "ಗೆಕ್ಕೋ/20100101", ಕೊನೆಗೆ ತನ್ನ ಹೆಸರು. ಬ್ರೌಸರ್‌ಗಳ ಇತಿಹಾಸದಿಂದ ಅಂಟಿಬಂದ ರೂಢಿ ಅದು. ನಕಲು ಮಾಡಬೇಡಿ.

ಹೆಸರು: ಹೆಚ್ಚಿನ ತಪ್ಪುಗಳಾಗುವ ಜಾಗ

ಸಾಫ್ಟ್‌ವೇರ್‌ನ ಹೆಸರು ಒಂದು "ಟೋಕನ್" ಆಗಿರಬೇಕು. ಟೋಕನ್ ಎಂದರೆ ಸ್ಪೇಸ್ ಇಲ್ಲದ, ನಿಯಂತ್ರಣ ಅಕ್ಷರಗಳಿಲ್ಲದ, ಆಸ್ಕಿ ಅಕ್ಷರಗಳ (ಇಂಗ್ಲಿಷ್ ಅಕ್ಷರ, ಅಂಕಿ, ಮಾಮೂಲಿ ಚಿಹ್ನೆಗಳ) ಒಂದು ತುಂಡು. 1996ರ ಆರ್‌ಎಫ್‌ಸಿ 2045, ಟೋಕನ್‌ನೊಳಗೆ ಬರಬಾರದ ಹದಿನೈದು ಚಿಹ್ನೆಗಳನ್ನು ಪಟ್ಟಿ ಮಾಡಿದೆ: ದುಂಡು ಆವರಣ ಎರಡು, ಕೋನ ಆವರಣ ಎರಡು, ಚೌಕ ಆವರಣ ಎರಡು, @, ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಸ್ಲ್ಯಾಶ್, ಹಿಂಬದಿ ಸ್ಲ್ಯಾಶ್, ಜೋಡಿ ಉದ್ಧರಣ ಚಿಹ್ನೆ, ಪ್ರಶ್ನಾರ್ಥಕ, ಸಮ ಚಿಹ್ನೆ. ಇಷ್ಟನ್ನು ನೆನಪಿಡುವುದು ಕಷ್ಟವಾದರೆ ಅಕ್ಷರ, ಅಂಕಿ, ಹೈಫನ್, ಚುಕ್ಕೆ, ಅಂಡರ್‌ಸ್ಕೋರ್ ಬಿಟ್ಟು ಬೇರೇನನ್ನೂ ಬಳಸದಿದ್ದರಾಯಿತು.

ಸ್ಪೇಸ್ ಮಾಡುವ ಅನಾಹುತ ನೋಡಿ. ರೌಂಡ್‌ಕ್ಯೂಬ್ ಎಂಬ ಹೆಸರಾಂತ ವೆಬ್‌ಮೇಲ್ "ರೌಂಡ್‌ಕ್ಯೂಬ್ ವೆಬ್‌ಮೇಲ್/1.4" ಎಂಬ ಮಾದರಿಯಲ್ಲಿ ಬರೆಯುತ್ತದೆ. ಮನುಷ್ಯರು ಓದಿದರೆ ಸ್ಪಷ್ಟವಾಗಿದೆ. ವ್ಯಾಕರಣದ ಪ್ರಕಾರ ಓದುವ ಪ್ರೋಗ್ರಾಂಗೆ ಇದು ಎರಡು ಉತ್ಪನ್ನ: ಆವೃತ್ತಿಯಿಲ್ಲದ ರೌಂಡ್‌ಕ್ಯೂಬ್, ಮತ್ತು 1.4ನೇ ಆವೃತ್ತಿಯ "ವೆಬ್‌ಮೇಲ್" ಎಂಬ ಇನ್ನೊಂದು. ನಿಮ್ಮ ಸಾಫ್ಟ್‌ವೇರ್‌ನ ಹೆಸರು ಎರಡು ಪದದ್ದಾದರೆ ಹೈಫನ್ ಹಾಕಿ ಜೋಡಿಸಿ: "ಓಲೆಗಾರ-ರಸೀದಿ/2.1". ಜಾವಾಸ್ಕ್ರಿಪ್ಟ್ ಕೋಡಿನ ಭಂಡಾರವಾದ ಎನ್‌ಪಿಎಂನ ಪ್ಯಾಕೇಜಿನ ಹೆಸರನ್ನೇ ತಂದು ಹಾಕುವವರು ಇನ್ನೊಂದು ಎಚ್ಚರ ವಹಿಸಬೇಕು. ಅಲ್ಲಿ ಹಲವು ಹೆಸರುಗಳು @ ಚಿಹ್ನೆಯಿಂದ ಶುರುವಾಗಿ ನಡುವೆ ಸ್ಲ್ಯಾಶ್ ಹೊಂದಿರುತ್ತವೆ. ಎರಡೂ ಇಲ್ಲಿ ನಿಷಿದ್ಧ.

ಹೆಸರು ಜಗತ್ತಿನಲ್ಲಿ ನಿಮ್ಮದೊಂದೇ ಎಂಬಷ್ಟು ಬೇರೆಯಾಗಿರಲಿ. "ಮೇಲರ್", "ನೋಟಿಫೈಯರ್", "ಆ್ಯಪ್" ಇವು ಯಾರನ್ನೂ ಗುರುತಿಸುವುದಿಲ್ಲ. ಒಂದೇ ಕೋಡಿನಿಂದ ಹುಟ್ಟಿದ ಮೂರು ಪ್ರೋಗ್ರಾಂಗಳಿದ್ದರೆ ಮೂರಕ್ಕೂ ಬೇರೆಬೇರೆ ಹೆಸರು ಕೊಡಿ. ಇದನ್ನು ನಾನು ಎರಡು ಸಂಜೆ ಕಳೆದು ಕಲಿತದ್ದು.

ಕನ್ನಡದ ಹೆಸರಿಟ್ಟಿದ್ದರೆ?

ಸಾಫ್ಟ್‌ವೇರ್‌ಗೆ ಕನ್ನಡದ ಹೆಸರಿಡುವುದು ನನಗೆ ತುಂಬಾ ಇಷ್ಟ. ಆದರೆ ಟೋಕನ್‌ನಲ್ಲಿ ಕನ್ನಡ ಲಿಪಿಗೆ ಜಾಗವಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರೇ ಇರಬೇಕು, ಮತ್ತು ಅದನ್ನು ಒಂದೇ ಕಾಗುಣಿತದಲ್ಲಿ ಎಲ್ಲ ಆವೃತ್ತಿಗಳಲ್ಲೂ ಬರೆಯಬೇಕು. ಒಮ್ಮೆ "ಓ" ಅಕ್ಷರಕ್ಕೆ ಒಂದು ಇಂಗ್ಲಿಷ್ ಅಕ್ಷರ, ಇನ್ನೊಮ್ಮೆ ಎರಡು ಎಂದಾದರೆ ಲಾಗ್ ನೋಡುವವರಿಗೆ ಅವು ಎರಡು ಬೇರೆ ಸಾಫ್ಟ್‌ವೇರ್‌ಗಳೇ.

ಕನ್ನಡದಲ್ಲೂ ಹೆಸರು ಕಾಣಲೇಬೇಕೆಂದರೆ ಟಿಪ್ಪಣಿಯೊಳಗೆ ಹಾಕಬಹುದು, ಆರ್‌ಎಫ್‌ಸಿ 2047 ಹೇಳುವ "ಎನ್‌ಕೋಡೆಡ್ ವರ್ಡ್" ರೂಪದಲ್ಲಿ. ಸಬ್ಜೆಕ್ಟ್ ಸಾಲಿನಲ್ಲಿ ಕನ್ನಡ ಬರೆದಾಗ ಮೂಲದಲ್ಲಿ ಸಮ ಚಿಹ್ನೆ, ಪ್ರಶ್ನಾರ್ಥಕದ ನಡುವೆ ಗೊಜಲಾಗಿ ಕಾಣುತ್ತದಲ್ಲ, ಅದೇ. ಲೆಕ್ಕ ಹೀಗಿದೆ. ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಓಲೆಗಾರ" ಎಂಬಲ್ಲಿ ಸಂಕೇತಗಳು 6: ಓ, ಲ, ಎತ್ವ, ಗ, ದೀರ್ಘ, ರ. ಒಟ್ಟು 18 ಬೈಟ್. ಬೈಟ್‌ಗಳನ್ನು ಆಸ್ಕಿ ಅಕ್ಷರಗಳಾಗಿ ಬರೆಯುವ ಬೇಸ್64ಕ್ಕೆ ಬದಲಿಸಿದರೆ 24 ಅಕ್ಷರ. ಶುರುವಿನ 10, ಕೊನೆಯ 2 ಚಿಹ್ನೆ ಸೇರಿ 36. ಇಂಥ ಒಂದು ತುಂಡು 75 ಅಕ್ಷರ ಮೀರಬಾರದು, ಅಂದರೆ ಹೆಚ್ಚೆಂದರೆ 15 ಕನ್ನಡ ಸಂಕೇತ ಹಿಡಿಸುತ್ತದೆ. ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆಯೂ ಒಂದು ಸಂಕೇತವೆಂದು ಎಣಿಸಿದರೆ ಉದ್ದದ ಹೆಸರುಗಳು ಬೇಗ ಗಡಿ ಮುಟ್ಟುತ್ತವೆ.

2012ರಲ್ಲಿ ಬಂದ ಆರ್‌ಎಫ್‌ಸಿ 6531 ಮತ್ತು 6532 ಹೆಡರ್‌ಗಳಲ್ಲಿ ಯುಟಿಎಫ್-8 ಅನ್ನು ನೇರವಾಗಿ ಬರೆಯಲು ಅವಕಾಶ ಮಾಡಿವೆ. ಆದರೆ ಅದಕ್ಕೆ ದಾರಿಯ ಸರ್ವರ್‌ಗಳು ಆ ಸೌಲಭ್ಯವನ್ನು ಒಪ್ಪಿರಬೇಕು. ಒಪ್ಪದ ಸರ್ವರ್ ಸಿಕ್ಕರೆ ಮೇಲೇ ಹಿಂದಿರುಗಬಹುದು. ಒಂದು ಗುರುತಿನ ಸಾಲಿಗಾಗಿ ಆ ಅಪಾಯ ತೆಗೆದುಕೊಳ್ಳಬೇಡಿ.

ಇನ್ನೊಂದು ಸೂಕ್ಷ್ಮ ಇಲ್ಲೇ ಹೇಳಬೇಕು. ಇಮೇಲ್‌ನ ಮೂಲ ನಿಯಮವಾದ 5322ರ ದೃಷ್ಟಿಯಲ್ಲಿ ಯೂಸರ್-ಏಜೆಂಟ್ ಎಂಬುದು ಅದಕ್ಕೆ ಪರಿಚಯವಿಲ್ಲದ ಹೆಚ್ಚುವರಿ ಹೆಡರ್, ಒಳಗೆ ರಚನೆಯಿಲ್ಲದ ಬರೀ ಪಠ್ಯ. ಹಾಗಾಗಿ ನೀವು ವ್ಯಾಕರಣ ತಪ್ಪಿದರೂ ಸರ್ವರ್‌ಗಳು ಸಾಮಾನ್ಯವಾಗಿ ಮೇಲನ್ನು ಆ ಕಾರಣಕ್ಕೆ ತಿರಸ್ಕರಿಸುವುದಿಲ್ಲ. ಪೈಥಾನ್‌ನ ಇಮೇಲ್ ಲೈಬ್ರರಿಯೂ ಇದನ್ನು ಬರೀ ಪಠ್ಯವೆಂದೇ ಎಣಿಸುತ್ತದೆ. ಟೋಕನ್ ಇರಬೇಕಾದ ಜಾಗದಲ್ಲಿ ಕನ್ನಡ ಕೊಟ್ಟರೆ ತಕರಾರಿಲ್ಲದೆ ಎನ್‌ಕೋಡ್ ಮಾಡಿ ಕಳಿಸುತ್ತದೆ. ಅಂದರೆ ತಪ್ಪನ್ನು ಎತ್ತಿ ಹೇಳುವವರು ಯಾರೂ ಇಲ್ಲ. ಪರೀಕ್ಷೆ ನೀವೇ ಬರೆದುಕೊಳ್ಳಬೇಕು.

ಆವೃತ್ತಿ ಮತ್ತು ಟಿಪ್ಪಣಿ

ಸ್ಲ್ಯಾಶ್ ಆದ ಮೇಲೆ ಬರುವುದೂ ಟೋಕನ್ನೇ. ಆದ್ದರಿಂದ "2.1 ಬೀಟಾ" ಎಂದು ಸ್ಪೇಸ್ ಬಿಟ್ಟು ಬರೆಯುವಂತಿಲ್ಲ, "2.1-ಬೀಟಾ" ಎನ್ನಿ. ವೆಬ್‌ನಲ್ಲಿ ಇದೇ ಹೆಸರಿನ ಹೆಡರ್ ಇದೆ. ಅದರ ಇಂದಿನ ನಿಯಮವಾದ ಆರ್‌ಎಫ್‌ಸಿ 9110, ಆವೃತ್ತಿಯ ಜಾಗದಲ್ಲಿ ಆವೃತ್ತಿ ಬಿಟ್ಟು ಬೇರೇನನ್ನೂ ಬರೆಯಬೇಡಿ, ಹೊಸ ಆವೃತ್ತಿ ಬಂದಾಗ ಹೆಸರಿನ ಭಾಗ ಬದಲಾಗದೆ ಆವೃತ್ತಿಯ ಭಾಗ ಮಾತ್ರ ಬದಲಾಗಲಿ ಎನ್ನುತ್ತದೆ. ಇಮೇಲ್‌ಗೂ ಇದು ಒಳ್ಳೆಯ ಸಲಹೆ. "ಓಲೆಗಾರ2/1.0" ಎಂದು ಬರೆದು ಹೊಸ ಹೆಸರು ಹುಟ್ಟಿಸುವ ಬದಲು "ಓಲೆಗಾರ/2.0" ಎನ್ನಿ.

ಟಿಪ್ಪಣಿ ಬೇಕೇ ಬೇಕೆಂದೇನಿಲ್ಲ. ಬರೆದರೆ ಚಿಕ್ಕದಾಗಿರಲಿ, ಎಡಗಡೆಯ ಉತ್ಪನ್ನಕ್ಕೆ ಸಂಬಂಧಿಸಿರಲಿ. ಜಾಹೀರಾತಿಗೆ ಬಳಸಬೇಡಿ ಎಂದು 5536 ಬಿಡಿಸಿಯೇ ಹೇಳಿದೆ. ಆವರಣದೊಳಗೆ ಆವರಣ ಬರಬಹುದು, ಆದರೆ ತೆರೆದಷ್ಟೂ ಮುಚ್ಚಿರಬೇಕು. ಜೋಡಿಯಿಲ್ಲದ ಒಂಟಿ ಆವರಣ ಬೇಕಾದರೆ ಅದಕ್ಕಿಂತ ಮೊದಲು ಹಿಂಬದಿ ಸ್ಲ್ಯಾಶ್ ಹಾಕಬೇಕು. ಬೇರೆಡೆಯಿಂದ ಬಂದ ಪಠ್ಯವನ್ನು ಟಿಪ್ಪಣಿಗೆ ಸೇರಿಸುವಾಗ ಇದನ್ನು ಮರೆತರೆ ಉಳಿದ ಸಾಲೆಲ್ಲ ಟಿಪ್ಪಣಿಯೇ ಆಗಿ ಓದಿಸಿಕೊಳ್ಳುತ್ತದೆ.

ಮೈಮ್-ವರ್ಷನ್ ಹೆಡರ್‌ನಲ್ಲೂ ಆವರಣದ ಟಿಪ್ಪಣಿಗೆ ಅವಕಾಶವಿದೆ. ಆ್ಯಪಲ್ ಮೇಲ್ ತನ್ನ ಹೆಸರನ್ನು ಅಲ್ಲೂ ಬರೆಯುತ್ತದೆ. ನಿಯಮಕ್ಕೆ ವಿರುದ್ಧವೇನಲ್ಲ. ಆದರೆ ಗುರುತು ಒಂದೇ ಕಡೆ ಇದ್ದರೆ ಹುಡುಕುವವರಿಗೆ ಸುಲಭ ಎಂದು ನನಗನಿಸುತ್ತದೆ.

ಉದ್ದ, ಮಡಿಕೆ, ಹೊಸ ಸಾಲು

ಒಂದು ಸಾಲು 78 ಅಕ್ಷರದೊಳಗೆ ಇರುವುದು ಒಳ್ಳೆಯದು, 998 ಮೀರುವಂತೆಯೇ ಇಲ್ಲ. ಸಾಲು ಮುಗಿಯುವ ಎರಡು ಅಕ್ಷರ ಸೇರಿದರೆ 998 ಸರಿಯಾಗಿ 1000 ಆಗುತ್ತದೆ, ಅದು ಮೇಲ್ ಸಾಗಿಸುವ ಎಸ್‌ಎಂಟಿಪಿಯ ಮಿತಿ. ಗುರುತಿನ ಸಾಲು 78 ಮೀರುತ್ತಿದ್ದರೆ ಮಡಿಸುವ, ಅಂದರೆ ಮುರಿದು ಮುಂದಿನ ಸಾಲಿಗೆ ಒಯ್ಯುವ, ಮೊದಲು ಕತ್ತರಿಸಲು ಏನಿದೆ ನೋಡಿ. ಮಡಿಸಲೇಬೇಕಾದರೆ ಈಗಾಗಲೇ ಸ್ಪೇಸ್ ಇರುವ ಜಾಗದಲ್ಲಿ ಮಾತ್ರ ಮುರಿಯಬೇಕು. ಮುಂದಿನ ಸಾಲು ಸ್ಪೇಸ್ ಅಥವಾ ಟ್ಯಾಬ್‌ನಿಂದ ಶುರುವಾಗಬೇಕು. ಬರೀ ಸ್ಪೇಸ್ ಇರುವ ಖಾಲಿ ಸಾಲು ನಡುವೆ ಬರಬಾರದು. ಕೆಲವು ಸರ್ವರ್‌ಗಳು ಅದನ್ನು ಹೆಡರ್ ಮುಗಿದ ಗುರುತೆಂದು ತಪ್ಪು ತಿಳಿದರೆ ಉಳಿದ ಹೆಡರ್‌ಗಳು ಮೇಲ್‌ನ ಒಡಲಿಗೆ ಬಂದುಬಿಡುತ್ತವೆ.

ಹೊಸ ಸಾಲಿನ ಅಕ್ಷರ ಭದ್ರತೆಯ ವಿಷಯವೂ ಹೌದು. ಬಳಕೆದಾರರು ತುಂಬಿದ ಯಾವುದೋ ಮಾಹಿತಿಯನ್ನು, ಉದಾಹರಣೆಗೆ ಶಾಖೆಯ ಹೆಸರನ್ನು, ನೀವು ಟಿಪ್ಪಣಿಗೆ ಸೇರಿಸುತ್ತೀರಿ ಎಂದುಕೊಳ್ಳಿ. ಆ ಹೆಸರಿನೊಳಗೆ ಯಾರಾದರೂ ಹೊಸ ಸಾಲು ತೂರಿಸಿ, ಅದರ ಮುಂದೆ "ಬಿಸಿಸಿ:" ಎಂದು ಬರೆದು ಸಾವಿರ ವಿಳಾಸ ಕೊಟ್ಟರೆ? ನಿಮ್ಮ ಸರ್ವರ್ ಅವರ ಪರವಾಗಿ ಸ್ಪ್ಯಾಮ್ ಹಂಚುತ್ತದೆ. ಪೈಥಾನ್‌ನ ಹೊಸ ಇಮೇಲ್‌ಮೆಸೇಜ್ ಕ್ಲಾಸ್ ಹೆಡರ್‌ನ ಪಠ್ಯದಲ್ಲಿ ಹೊಸ ಸಾಲು ಕಂಡರೆ ದೋಷ ಎಸೆದು ನಿಲ್ಲುತ್ತದೆ. ನೀವೇ ಅಕ್ಷರ ಜೋಡಿಸಿ ಮೇಲ್ ಕಟ್ಟುತ್ತಿದ್ದರೆ ಆ ರಕ್ಷಣೆ ಇಲ್ಲ. ನನ್ನ ಸಲಹೆ ನೇರ: ಬಳಕೆದಾರರ ಮಾಹಿತಿಯನ್ನು ಈ ಹೆಡರ್‌ಗೆ ಸೇರಿಸಲೇಬೇಡಿ. ಇದು ಸಾಫ್ಟ್‌ವೇರ್‌ನ ಗುರುತು, ಅದನ್ನು ಬಳಸುವವರದ್ದಲ್ಲ.

ಲೈಬ್ರರಿ ತಾನೇ ಹಾಕಿದ ಹೆಡರ್

ಈ ಹೆಡರ್ ಒಂದು ಮೇಲ್‌ನಲ್ಲಿ ಒಂದೇ ಇರಲಿ. ಎರಡು ಬರುವುದು ಸಾಮಾನ್ಯವಾಗಿ ಲೈಬ್ರರಿಯಿಂದ. ಪಿಎಚ್‌ಪಿ ಭಾಷೆಯಲ್ಲಿ ಮೇಲ್ ಕಳಿಸುವ ಪಿಎಚ್‌ಪಿಮೇಲರ್ ಲೈಬ್ರರಿಗೆ ನೀವು ಏನೂ ಹೇಳದಿದ್ದರೆ ಅದು ತನ್ನ ಹೆಸರು, ಪೂರ್ಣ ಆವೃತ್ತಿ, ಜಾಲತಾಣದ ವಿಳಾಸ ಸೇರಿಸಿ ಎಕ್ಸ್-ಮೇಲರ್ ಸಾಲೊಂದನ್ನು ಹಾಕುತ್ತದೆ. ನೀವು ಮೇಲಿಂದ ಯೂಸರ್-ಏಜೆಂಟ್ ಹಾಕಿದರೆ ಗುರುತು ಎರಡಾಯಿತು. ಅದರಲ್ಲಿ ಎಕ್ಸ್‌ಮೇಲರ್ ಎಂಬ ಗುಣವಿದೆ. ಅದನ್ನು ಖಾಲಿ ಬಿಟ್ಟರೆ ಮಾಮೂಲಿ ಸಾಲೇ ಬರುತ್ತದೆ. ಒಂದು ಸ್ಪೇಸ್ ಕೊಟ್ಟರೆ ಸಾಲೇ ಇಲ್ಲವಾಗುತ್ತದೆ. ಸ್ಪೇಸ್ ಕೊಟ್ಟು ಅದನ್ನು ಅಡಗಿಸಿ, ಹೆಚ್ಚುವರಿ ಹೆಡರ್ ಸೇರಿಸುವ ಸೌಲಭ್ಯದಿಂದ ನಿಮ್ಮ ಯೂಸರ್-ಏಜೆಂಟ್ ಹಾಕಿ. ಲೈಬ್ರರಿಯನ್ನೂ ಹೆಸರಿಸಬೇಕೆನಿಸಿದರೆ ಎರಡನೇ ಉತ್ಪನ್ನವಾಗಿ ಬರೆಯಿರಿ:

ಯೂಸರ್-ಏಜೆಂಟ್: ಓಲೆಗಾರ-ರಸೀದಿ/2.1 ಪಿಎಚ್‌ಪಿಮೇಲರ್/6

ಪೈಥಾನ್‌ನ ಲೈಬ್ರರಿ ತಾನಾಗಿ ಯಾವ ಗುರುತನ್ನೂ ಹಾಕುವುದಿಲ್ಲ, ನೀವು ಹಾಕಿದ್ದಷ್ಟೇ. ಪಿಎಚ್‌ಪಿಯ ಮೂಲ ಮೇಲ್ ಫಂಕ್ಷನ್ ಬಳಸುವವರು ಅದರ ಕೈಪಿಡಿಯಲ್ಲಿನ ಉದಾಹರಣೆ ನೋಡಿ "ಎಕ್ಸ್-ಮೇಲರ್: ಪಿಎಚ್‌ಪಿ/" ಎಂದು ಪಿಎಚ್‌ಪಿಯ ಆವೃತ್ತಿ ಹಾಕುವುದುಂಟು. ಅದು ಭಾಷೆಯ ಗುರುತೇ ಹೊರತು ನಿಮ್ಮ ಸಾಫ್ಟ್‌ವೇರ್‌ನದ್ದಲ್ಲ. ಅದನ್ನು ಓದಿದ ನಿರ್ವಾಹಕನಿಗೆ ಏನೂ ತಿಳಿಯುವುದಿಲ್ಲ.

ಬೇರೆಯವರ ಹೆಸರನ್ನಂತೂ ಹಾಕಲೇಬೇಡಿ. ಔಟ್‌ಲುಕ್ ಎಂದು ಬರೆದರೆ ಸ್ಪ್ಯಾಮ್‌ಗೆ ಹೋಗದು ಎಂದು ನಂಬಿ ಹಾಗೆ ಮಾಡುವವರಿದ್ದಾರೆ. ಆಗುವುದು ತದ್ವಿರುದ್ಧ. ಸ್ಪ್ಯಾಮ್‌ಅಸ್ಯಾಸಿನ್‌ನಂಥ ಫಿಲ್ಟರ್‌ಗಳಲ್ಲಿ ಇದಕ್ಕೆಂದೇ ನಿಯಮಗಳಿವೆ. ಗುರುತಿನಲ್ಲಿ ಔಟ್‌ಲುಕ್ ಎಂದಿದ್ದು, ಉಳಿದ ಹೆಡರ್‌ಗಳು ಔಟ್‌ಲುಕ್ ಕಟ್ಟುವ ರೀತಿಯಲ್ಲಿ ಇಲ್ಲದಿದ್ದರೆ, ನಕಲಿ ಎಂದು ಅಂಕ ಏರಿಸುತ್ತವೆ.

ಎಷ್ಟು ಹೇಳುವುದು, ಎಷ್ಟು ಬಿಡುವುದು

ಗುರುತು ಪತ್ತೆಗೆ ನೆರವಾಗುವಂತೆಯೇ ದಾಳಿಗೂ ನೆರವಾಗಬಹುದು. 2016ರ ಡಿಸೆಂಬರ್‌ನಲ್ಲಿ ಪಿಎಚ್‌ಪಿಮೇಲರ್‌ನಲ್ಲಿ ದೂರದಿಂದ ಕೋಡ್ ಓಡಿಸಬಹುದಾದ ಗಂಭೀರ ದೋಷ ಬಯಲಾಯಿತು. 5.2.18ರಲ್ಲಿ ಮಾಡಿದ ತಿದ್ದುಪಡಿ ಸಾಲದೆ 5.2.20ರಲ್ಲಿ ಮತ್ತೆ ತಿದ್ದಬೇಕಾಯಿತು. ಆ ದಿನಗಳಲ್ಲಿ "5.2.17" ಎಂದು ಪ್ರತಿ ಮೇಲ್‌ನಲ್ಲೂ ಬರೆದು ಕಳಿಸುತ್ತಿದ್ದ ಜಾಲತಾಣ, ತನ್ನ ಬೀಗ ಯಾವುದೆಂದು ತಾನೇ ಹೇಳಿಕೊಂಡು ತಿರುಗಿದಂತಿತ್ತು. ಈಚಿನ ಥಂಡರ್‌ಬರ್ಡ್ ಆವೃತ್ತಿ, ಆಪರೇಟಿಂಗ್ ಸಿಸ್ಟಂ ಎಲ್ಲ ಬಿಟ್ಟು "ಮೊಝಿಲ್ಲಾ ಥಂಡರ್‌ಬರ್ಡ್" ಎಂದಷ್ಟೇ ಬರೆಯುವುದಕ್ಕೂ ಖಾಸಗಿತನದ ಇಂಥ ಯೋಚನೆಯೇ ಹಿನ್ನೆಲೆ.

ನಾನು ಅನುಸರಿಸುವ ಅಳತೆ ಇದು. ಜನ ತಮ್ಮ ಕಂಪ್ಯೂಟರಿನಲ್ಲಿ ಬಳಸುವ ಮೇಲ್ ಪ್ರೋಗ್ರಾಂ ಆದರೆ ಹೆಸರು ಮತ್ತು ಮುಖ್ಯ ಆವೃತ್ತಿ ಮಾತ್ರ. ಆಪರೇಟಿಂಗ್ ಸಿಸ್ಟಂ, ಭಾಷೆ, ಕಂಪ್ಯೂಟರಿನ ಹೆಸರು ಯಾವುದೂ ಬೇಡ, ಅವು ಆ ವ್ಯಕ್ತಿಗೆ ಸೇರಿದ ಮಾಹಿತಿ. ಸರ್ವರ್‌ನಿಂದ ತಾನಾಗಿ ಹೊರಡುವ ಮೇಲ್ ಆದರೆ ಹೆಸರು ಮತ್ತು ಎರಡು ಹಂತದ ಆವೃತ್ತಿ, ಅಂದರೆ 2.1 ಸರಿ, 2.1.7 ಬೇಡ. ಹೊರಗಿನ ಲೈಬ್ರರಿಗಾದರೆ ಮೊದಲ ಅಂಕಿ ಸಾಕು. ಅದಕ್ಕಿಂತ ಸೂಕ್ಷ್ಮ ವಿವರ ನಿಮಗೆ ಬೇಕಾದರೆ ಪ್ರತಿ ಮೇಲ್‌ಗೂ ಬೇರೆಯಾಗಿರುವ ಗುರುತಾದ ಮೆಸೇಜ್-ಐಡಿಯ ಜೊತೆ ನಿಮ್ಮದೇ ಲಾಗ್‌ನಲ್ಲಿ ಬರೆದಿಡಿ. ಯಾರಾದರೂ ಕೆಟ್ಟ ಮೇಲ್ ತೋರಿಸಿ ದೂರಿದಾಗ ಐಡಿ ಕೇಳಿದರೆ ಪೂರ್ತಿ ವಿವರ ನಿಮ್ಮ ಬಳಿ ಸಿಗುತ್ತದೆ, ಊರಿಗೆಲ್ಲ ಗೊತ್ತಾಗಬೇಕಿಲ್ಲ.

ತಾನಾಗಿ ಹೊರಡುವ ಮೇಲ್‌ಗೆ ಇನ್ನೊಂದು ಹೆಡರೂ ಇರಲಿ: ಆರ್‌ಎಫ್‌ಸಿ 3834 ಹೇಳುವ "ಆಟೋ-ಸಬ್ಮಿಟೆಡ್: ಆಟೋ-ಜನರೇಟೆಡ್". ರಜೆಯಲ್ಲಿರುವವರ ಸ್ವಯಂ ಉತ್ತರಗಳು ನಿಮ್ಮ ರಸೀದಿಗೆ ಮರುತ್ತರ ಕಳಿಸುವುದನ್ನು ಇದು ತಡೆಯುತ್ತದೆ.

ಪರೀಕ್ಷೆ

ಮೊದಲು ಕಣ್ಣಿನ ಪರೀಕ್ಷೆ. ನಿಮಗೆ ನೀವೇ ಒಂದು ಮೇಲ್ ಕಳಿಸಿಕೊಂಡು ಮೂಲ ತೆರೆಯಿರಿ. ಜಿಮೇಲ್‌ನಲ್ಲಿ ಮೇಲ್‌ನ ಪಕ್ಕದ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್", ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು. ಗುರುತಿನ ಸಾಲು ಒಂದೇ ಇದೆಯೇ, ಹೆಸರಿಗೂ ಕೋಲನ್‌ಗೂ ನಡುವೆ ಸ್ಪೇಸ್ ಬಂದಿಲ್ಲವೇ, ಕೋಲನ್ ಆದ ಮೇಲೆ ಒಂದು ಸ್ಪೇಸ್ ಇದೆಯೇ, ಎನ್‌ಕೋಡ್ ಆದ ಗೊಜಲು ಎಲ್ಲಾದರೂ ಇಣುಕಿದೆಯೇ ಎಂದು ನೋಡಿ. ಪ್ರೋಗ್ರಾಂ ಕಟ್ಟಿದ್ದನ್ನು ಅದರ ಪರದೆಯಲ್ಲೇ ನೋಡಿ ತೃಪ್ತಿಪಡಬೇಡಿ. ಲೈಬ್ರರಿ ಮಡಿಸುವುದು, ಎನ್‌ಕೋಡ್ ಮಾಡುವುದು ಎಲ್ಲ ಕೊನೆಯ ಗಳಿಗೆಯಲ್ಲಿ ಆಗುತ್ತದೆ.

ನಂತರ ಕೋಡಿನೊಳಗೆ ಒಂದು ಸಣ್ಣ ತಪಾಸಣೆ. ಹೆಡರ್‌ನ ಕೋಲನ್ ಆದ ಮೇಲಿನ ಪಠ್ಯದಿಂದ ಆವರಣದ ಟಿಪ್ಪಣಿಗಳನ್ನು ತೆಗೆದುಹಾಕಿ, ಉಳಿದದ್ದನ್ನು ಸ್ಪೇಸ್‌ನಲ್ಲಿ ತುಂಡರಿಸಿ. ಪ್ರತಿ ತುಂಡಿನಲ್ಲಿ ಹೆಚ್ಚೆಂದರೆ ಒಂದು ಸ್ಲ್ಯಾಶ್ ಇರಬೇಕು, ಅದರ ಎರಡೂ ಬದಿ ಖಾಲಿ ಇರಬಾರದು, ಅಕ್ಷರ, ಅಂಕಿ, ಹೈಫನ್, ಚುಕ್ಕೆ, ಅಂಡರ್‌ಸ್ಕೋರ್ ಬಿಟ್ಟು ಬೇರೆ ಇರಬಾರದು. ತುಂಡುಗಳ ಸಂಖ್ಯೆ ನೀವು ಹೇಳಲು ಬಯಸಿದ ಉತ್ಪನ್ನಗಳ ಸಂಖ್ಯೆಗೆ ಸಮವಾಗಿರಬೇಕು. ಸ್ಪೇಸ್ ಇರುವ ಹೆಸರು ಈ ಕೊನೆಯ ಎಣಿಕೆಯಲ್ಲೇ ಸಿಕ್ಕಿಬೀಳುತ್ತದೆ. ಸರ್ವರ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಯೂ ಒಮ್ಮೆ ಇದೇ ತಪಾಸಣೆ ಓಡಿಸಿ. ಗುರುತಿನ ಸಾಲಿಗೆ ಏನೂ ಆಗದಿರಬಹುದು, ಆದರೆ ಪಕ್ಕದ ಡೇಟ್ ಹೆಡರ್ ಏನು ಮಾಡುತ್ತದೆಂದು ಆಗಲೇ ಕಾಣುತ್ತದೆ.

ಕೊನೆಯದು ಆವೃತ್ತಿಯ ಅಂಕಿ ಎಲ್ಲಿಂದ ಬರುತ್ತಿದೆ ಎಂಬುದು. ಅದನ್ನು ಮೇಲ್ ಕಳಿಸುವ ಕಡತದಲ್ಲಿ ಕೈಯಾರೆ ಬರೆದಿದ್ದರೆ ಇಂದೇ ತೆಗೆದು, ಇಡೀ ಸಾಫ್ಟ್‌ವೇರ್‌ನ ಆವೃತ್ತಿ ದಾಖಲಾಗುವ ಒಂದೇ ಜಾಗದಿಂದ ಓದುವಂತೆ ಮಾಡಿ. ನಾನು ಹೇಳಿದ ಆ ಮೂರು ಪ್ರೋಗ್ರಾಂಗಳಲ್ಲಿ ತಪ್ಪಿದ್ದದ್ದು ಚಂದಾ ನವೀಕರಣದ್ದರಲ್ಲಿ. ತಾರೀಖಿನ ತಪ್ಪನ್ನು ತಿದ್ದಿ ಹೊಸದನ್ನು ಏರಿಸಿದೆವು. ಹೊಸದರಲ್ಲೂ ಸಾಲು "ಮೇಲರ್ 1.0" ಎಂದೇ ಇತ್ತು. ಮರುವಾರ ಕಚೇರಿಯವರು ಇನ್ನೂ ನಾಲ್ಕು ಮೇಲ್ ತೋರಿಸಿ, "ಇವೂ ತಳದಲ್ಲೇ ಇವೆಯಲ್ಲ ಸರ್" ಎಂದಾಗ, ಅವು ತಿದ್ದುವ ಮೊದಲು ಸರದಿಯಲ್ಲಿ ಸಿಕ್ಕಿಕೊಂಡಿದ್ದವೋ ತಿದ್ದಿದ ಮೇಲೆ ಹುಟ್ಟಿದವೋ ಎಂದು ಆ ಸಾಲು ನೋಡಿ ಹೇಳುವಂತಿರಲಿಲ್ಲ. ಅಂದು ಸಂಜೆಯೇ ಮೂರಕ್ಕೂ ಬೇರೆ ಹೆಸರು ಕೊಟ್ಟು, ಚಂದಾ ಪ್ರೋಗ್ರಾಂನ ಆವೃತ್ತಿಯನ್ನು 1.1ಕ್ಕೆ ಏರಿಸಿದೆ.